ಕಾಫಿ ದುಡ್ಡು ಕೈಲಿದೆ, ಹೂಡಿಕೆ ಬಗ್ಗೆ ಮೊದಲು ಯಾವ ಪುಸ್ತಕ ಓದ್ಲಿ?

ಹಾರಂಗಿ_ಹುಡುಗಿ

ನಮಸ್ಕಾರ ಎಲ್ರಿಗೂ. ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಓದಿ.

ನಮ್ದು ಕೊಡಗಿನ ಸುಂಟಿಕೊಪ್ಪ ಹತ್ರ ಐದೂವರೆ ಎಕರೆ ರೋಬಸ್ಟಾ ಕಾಫಿ, ಮಧ್ಯ ಮಧ್ಯ ಸಿಲ್ವರ್ ಮರಕ್ಕೆ ಹಬ್ಬಿಸಿರೋ ಮೆಣಸು. ನಾನು ಕುಶಾಲನಗರದ ಒಂದು ಆಫೀಸಲ್ಲಿ ಅಕೌಂಟ್ಸ್ ನೋಡ್ಕೊಳ್ತೀನಿ, ಮನೇಲಿ ತೋಟದ ಲೆಕ್ಕ ಬರೆಯೋದೂ ನಾನೇ. 2020ರಲ್ಲಿ 50 ಕೆಜಿ ಚೆರ್ರಿ (ಸಿಪ್ಪೆ ಸಮೇತ ಒಣಗಿಸಿದ ಕಾಫಿ) ಚೀಲಕ್ಕೆ ಮೂರೂವರೆ ಸಾವಿರ ಸಿಕ್ಕಿದ್ರೆ ಪುಣ್ಯ ಅಂತಿದ್ವಿ, 2024ರಲ್ಲಿ ಅದೇ ಚೀಲ ಹತ್ತು ಸಾವಿರ ಮುಟ್ಟಿತು. ಎರಡು ಕೊಯ್ಲಿನ ದುಡ್ಡಲ್ಲಿ ಬೆಳೆ ಸಾಲ ಪೂರ್ತಿ ತೀರಿ, ಮನೆ ಹಂಚು ಬದಲಾಯಿಸಿ, ಇನ್ನೂ ಎಂಟು ಲಕ್ಷ ಸೇವಿಂಗ್ಸ್ ಖಾತೇಲಿ ಇದೆ. ನನಗೆ ಬುದ್ಧಿ ಬಂದಾಗಿಂದ ಮಳೆಗಾಲಕ್ಕೆ ಮುಂಚೆ ನಮ್ಮನೆ ಖಾತೇಲಿ ಇಷ್ಟು ದುಡ್ಡು ಉಳಿದಿದ್ದು ಇದೇ ಮೊದಲು.

ಈಗ ಒಬ್ಬೊಬ್ಬರದು ಒಂದೊಂದು ಮಾತು. ಭಾವ ಆಪ್ಷನ್ಸ್ (ಷೇರು ರೇಟ್ ಏರುತ್ತಾ ಇಳಿಯುತ್ತಾ ಅಂತ ಬಾಜಿ ಕಟ್ಟೋ ಥರದ ವ್ಯವಹಾರ) ಮಾಡು, ವಾರಕ್ಕೆ ಇಷ್ಟು ಬರುತ್ತೆ ಅಂತ ಫೋನಲ್ಲಿ ಹಸಿರು ಸ್ಕ್ರೀನ್‌ಶಾಟ್ ತೋರಿಸ್ತಾರೆ. ಚಿಕ್ಕಪ್ಪ ಕುಶಾಲನಗರದಲ್ಲಿ ಸೈಟ್ ತಗೋ ಅಂತಾರೆ. ಅಪ್ಪ ಮಾತ್ರ "ತೋಟದ ದುಡ್ಡು ತೋಟಕ್ಕೇ" ಅಂತ, ಪಕ್ಕದವರ ಒಂದು ಎಕರೆ ಮೇಲೆ ಕಣ್ಣು ಹಾಕಿದಾರೆ. ಎತ್ತು ಏರಿಗೆ ಎಳೀತು ಕೋಣ ನೀರಿಗೆ ಎಳೀತು ಅನ್ನೋ ಹಾಗಾಗಿದೆ ನನ್ನ ಕಥೆ. ಮೈಸೂರಲ್ಲಿ ಒಂದು ದಿನದ ಸೆಮಿನಾರ್‌ಗೆ ಐದು ಸಾವಿರ ಕೊಟ್ಟು ಹೋದೆ, ಬೆಳಗ್ಗಿಂದ ಸಂಜೆವರೆಗೆ ಚಪ್ಪಾಳೆ ಹೊಡೆಸಿ, ಕೊನೆಗೆ ಮೂವತ್ತು ಸಾವಿರದ ಕೋರ್ಸ್ ಸೇರಿ ಅಂದ್ರು. ಎದ್ದು ಬಂದೆ.

ನನಗೆ ನಾನೇ ಕಲೀಬೇಕು. ಹೂಡಿಕೆ ಬಗ್ಗೆ ಒಳ್ಳೆ ಪುಸ್ತಕ ಯಾವುದು? ಇನ್ನೊಂದು ವಿಷಯ, ಇದನ್ನ ಹೇಗೆ ಹೇಳೋದು ಗೊತ್ತಿಲ್ಲ, ದುಡ್ಡು ಅಂದ್ರೆ ನನಗೆ ಒಳಗೊಳಗೇ ಭಯ. 2001-02ರಲ್ಲಿ ಕಾಫಿ ರೇಟ್ ನೆಲ ಕಚ್ಚಿದಾಗ ನಾನು ಎರಡನೇ ಕ್ಲಾಸು. ಅಮ್ಮ ಬಳೆ ಬಿಚ್ಚಿ ಕರ್ಚೀಫಲ್ಲಿ ಗಂಟು ಕಟ್ಟಿ ಬಸ್ ಹತ್ತಿದ್ದು, ವಾಪಸ್ ಬರುವಾಗ ಕೈ ಖಾಲಿ ಇದ್ದಿದ್ದು ಇನ್ನೂ ಕಣ್ಣಲ್ಲೇ ಇದೆ. ಆ ಭಯಕ್ಕೋ ಏನೋ ಹದಿನಾಲ್ಕು ತಿಂಗಳಿಂದ ಆ ಎಂಟು ಲಕ್ಷನ ಮುಟ್ಟೋಕೇ ಆಗಿಲ್ಲ. ಮನಸ್ಸು ಗಟ್ಟಿ ಮಾಡೋ ಪುಸ್ತಕ ಅಂತ ಏನಾದ್ರೂ ನಿಜವಾಗ್ಲೂ ಇದ್ಯಾ? ಇಂಗ್ಲಿಷ್ ಓದ್ತೀನಿ, ನಿಧಾನ. ಕನ್ನಡದಲ್ಲಿದ್ರೆ ತುಂಬಾ ಒಳ್ಳೇದು.

ಅಮ್ಮತ್ತಿ_ಕರಿಮೆಣಸು

ತಂಗೀ, ನಿನ್ನ ಪ್ರಶ್ನೆ ಓದಿ ಎರಡು ದಿನ ಯೋಚಿಸಿ ಬರೀತಿದೀನಿ.

ಒಂದೇ ಪುಸ್ತಕ ಅಂದ್ರೆ ಬೆಂಜಮಿನ್ ಗ್ರಹಾಂ ಬರೆದ ದಿ ಇಂಟೆಲಿಜೆಂಟ್ ಇನ್ವೆಸ್ಟರ್. 1949ರದ್ದು. ಅಮೆರಿಕದ ದೊಡ್ಡ ಹೂಡಿಕೆದಾರ ವಾರೆನ್ ಬಫೆಟ್ 19ನೇ ವಯಸ್ಸಲ್ಲಿ ಓದಿ, ಹೂಡಿಕೆ ಬಗ್ಗೆ ಇದಕ್ಕಿಂತ ಒಳ್ಳೆ ಪುಸ್ತಕ ಇಲ್ಲ ಅಂತ ಇವತ್ತಿಗೂ ಹೇಳೋದು ಇದರ ಬಗ್ಗೇನೇ. ಆದ್ರೆ ಇದನ್ನ ಮೊದಲ ಪುಟದಿಂದ ಶುರು ಮಾಡಿದ್ರೆ ಐವತ್ತನೇ ಪುಟಕ್ಕೆ ಕೆಳಗಿಟ್ಟುಬಿಡ್ತೀಯ. ಬಾಂಡು, ಆಗಿನ ಅಮೆರಿಕದ ಕಂಪನಿಗಳ ಲೆಕ್ಕ, ನಮಗೆ ಸಂಬಂಧ ಇಲ್ದೆ ಇರೋದು ತುಂಬಾ ಇದೆ. 8ನೇ ಅಧ್ಯಾಯ, 20ನೇ ಅಧ್ಯಾಯ ಎರಡು ಓದು. ಆಮೇಲೆ ಬೇಕಾದ್ರೆ ಉಳಿದಿದ್ದು.

8ರಲ್ಲಿ ಗ್ರಹಾಂ ಒಬ್ಬ ಪಾಲುದಾರನ ಕಥೆ ಹೇಳ್ತಾರೆ, ಹೆಸರು ಮಿಸ್ಟರ್ ಮಾರ್ಕೆಟ್. ಅವನು ದಿನಾ ನಿನ್ನ ಬಾಗಿಲಿಗೆ ಬರ್ತಾನೆ, ನಿನ್ನ ಪಾಲಿಗೆ ಒಂದು ರೇಟ್ ಹೇಳ್ತಾನೆ. ಖುಷಿಯಾಗಿದ್ದ ದಿನ ಜಾಸ್ತಿ, ಮನಸ್ಸು ಕೆಟ್ಟ ದಿನ ತೀರಾ ಕಮ್ಮಿ. ಕೊಡಲೇಬೇಕು ಅಂತ ಏನೂ ಇಲ್ಲ, ಇವತ್ತು ಬೇಡ ಅಂದ್ರೆ ನಾಳೆ ಮತ್ತೆ ಬರ್ತಾನೆ. ಇದನ್ನ ಓದಿದಾಗ ನನಗೆ ನಮ್ಮ ಗೇಟಿಗೆ ಜೀಪಲ್ಲಿ ಬರೋ ಮೆಣಸಿನ ವ್ಯಾಪಾರಿನೇ ಕಣ್ಮುಂದೆ ಬಂದ.

ನನ್ನ ಕಥೆ ಹೇಳ್ತೀನಿ. 2015-16ರಲ್ಲಿ ಮೆಣಸು ಕೆಜಿಗೆ ಏಳುನೂರರ ಆಸುಪಾಸು ಇತ್ತಲ್ಲ, ಆಗ ನನ್ನ ಹತ್ರ ಹನ್ನೆರಡು ಕ್ವಿಂಟಲ್ ಇತ್ತು. ಅಕ್ಕಪಕ್ಕದವರೆಲ್ಲ ಸಾವಿರ ಆಗುತ್ತೆ ಅಂದ್ರು, ನಾನೂ ಆಗುತ್ತೆ ಅಂತ ನಂಬಿ ಮೂಟೆ ಅಟ್ಟಕ್ಕೆ ಏರಿಸಿದೆ. ಹೊರಗಿಂದ ಮೆಣಸು ಬಂದು ರೇಟ್ ಇಳಿಯೋಕೆ ಶುರುವಾಯ್ತು, ಆರುನೂರಕ್ಕೆ ಕೊಡ್ಲಿಲ್ಲ, ಐನೂರಕ್ಕೆ ಕೊಡ್ಲಿಲ್ಲ, ಇಳಿದಷ್ಟೂ ಮೊದಲಿನ ಏಳುನೂರೇ ತಲೇಲಿ ಕೂತಿತ್ತು. ಕೊನೆಗೆ 2018ರ ಆ ಮಳೆ, ಗುಡ್ಡ ಕುಸಿತ, ತೋಟದ ರಸ್ತೆ ಹೋಗಿ ರಿಪೇರಿಗೆ ದುಡ್ಡು ಬೇಕಾಗಿ ಮುನ್ನೂರೈವತ್ತಕ್ಕೆ ಕೊಟ್ಟೆ. ಆ ಜೀಪಿನವನ ಮೇಲೆ ನನಗೆ ಏನೂ ಸಿಟ್ಟಿಲ್ಲ. ಅವನು ಅವನ ರೇಟ್ ಹೇಳ್ದ. ನನಗೆ ದುಡ್ಡು ಯಾವಾಗ ಬೇಕು, ಎಷ್ಟಕ್ಕೆ ಸಾಕು ಅನ್ನೋದು ನಾನೇ ಬರೆದಿಟ್ಟಿರಲಿಲ್ಲ, ತಪ್ಪಾಗಿದ್ದು ಅಲ್ಲಿ.

ನಮ್ಮ ಅಪ್ಪನ ಕಾಲದಲ್ಲಿ ಕಾಫಿ ಬೋರ್ಡಿನ ಪೂಲ್ ಇತ್ತು, ಬೆಳೆದಿದ್ದೆಲ್ಲ ಪೂಲ್‌ಗೆ ಹಾಕಬೇಕು, ದುಡ್ಡು ಕಂತು ಕಂತಾಗಿ ಬರ್ತಿತ್ತು. ಅದರಲ್ಲಿ ಬೆಳೆಗಾರನಿಗೆ ಕಷ್ಟ ತುಂಬಾ ಇತ್ತು, ಆದ್ರೆ ದಿನಾ ಬೆಳಗ್ಗೆ ರೇಟ್ ನೋಡೋ ಚಟ ಯಾರಿಗೂ ಇರಲಿಲ್ಲ. 1996ರಲ್ಲಿ ಪೂರ್ತಿ ಮುಕ್ತ ಮಾರುಕಟ್ಟೆ ಆಯ್ತು, ಈಗ ಏಳ್ತಿದ್ದ ಹಾಗೆ ವಾಟ್ಸಾಪಲ್ಲಿ ಲಂಡನ್ ರೇಟು. ಅದು ಬಂದಿದ್ದು ಒಳ್ಳೇದಕ್ಕೇ, ಆದ್ರೆ ದಿನಾ ರೇಟ್ ನೋಡೋದನ್ನ ಕಲಿತಷ್ಟು ಬೇಗ ದಿನಾ ರೇಟ್ ನೋಡಿಯೂ ಸುಮ್ನೆ ಇರೋದನ್ನ ನಾವು ಕಲೀಲಿಲ್ಲ. ಷೇರಲ್ಲೂ ಇದೇ ಆಗೋದು.

20ನೇ ಅಧ್ಯಾಯ ಮಾರ್ಜಿನ್ ಆಫ್ ಸೇಫ್ಟಿ. ಕಾಫಿ ವ್ಯಾಪಾರಿ ಚೀಲ ನೋಡಿ ರೇಟ್ ಹೇಳ್ತಾನಾ? ಒಂದು ಸ್ಯಾಂಪಲ್ ತೆಗೆದು, ಸಿಪ್ಪೆ ಬಿಡಿಸಿ, ಬೀಜ ತೂಗಿ, ಔಟ್‌ಟರ್ನ್ (ಸಿಪ್ಪೆ ಹೋಗಿ ಸಿಗೋ ಬೀಜ) ಎಷ್ಟು ಅಂತ ನೋಡ್ತಾನೆ, ಆಮೇಲೂ ತೇವಕ್ಕೆ ಅಂತ ಸ್ವಲ್ಪ ಕಡಿಮೆ ಮಾಡ್ತಾನೆ. ಆ ಸ್ವಲ್ಪ ಕಡಿಮೆ ಮಾಡೋದೇ ಮಾರ್ಜಿನ್ ಆಫ್ ಸೇಫ್ಟಿ, ಅವನ ಅಂದಾಜು ತಪ್ಪಿದ್ರೂ ಅವನು ಮುಳುಗಲ್ಲ. ಗ್ರಹಾಂ ಇದನ್ನೆಲ್ಲ ತಣ್ಣಗೆ ಕೂತು ಬರೆದವರಲ್ಲ, 1929ರಿಂದ 32ರ ಕುಸಿತದಲ್ಲಿ ಅವರು ನೋಡ್ಕೊಳ್ತಿದ್ದ ಹಣದಲ್ಲಿ 70%ರಷ್ಟು ಹೋಗಿತ್ತು, ಅದನ್ನ ಅನುಭವಿಸಿ ಬರೆದಿದ್ದು. ಅದಕ್ಕೇ ನನಗೆ ಆ ಪುಸ್ತಕದ ಮೇಲೆ ನಂಬಿಕೆ.

ಸೋಮವಾರಪೇಟೆ_ಮೇಷ್ಟ್ರು

ಅಮ್ಮಾ, ನಾನು ಮೂವತ್ತಮೂರು ವರ್ಷ ಹೈಸ್ಕೂಲಲ್ಲಿ ಗಣಿತ ಹೇಳಿಕೊಟ್ಟವನು. ಷೇರಿನ ವಿಷಯ ನನಗಿಂತ ಬಲ್ಲವರು ಇಲ್ಲಿದಾರೆ, ನೀವು ಕೇಳಿದ ಎರಡನೇ ಪ್ರಶ್ನೆಗೆ ಮಾತ್ರ ಉತ್ತರ ಕೊಡ್ತೀನಿ.

ಮನಸ್ಸಿನ ಪುಸ್ತಕ ಅಂತ ಅಂಗಡಿಗಳಲ್ಲಿ ಸಾಲು ಸಾಲು ಇರ್ತವೆ. ಅದರಲ್ಲಿ ನೆಪೋಲಿಯನ್ ಹಿಲ್ ಬರೆದ ಥಿಂಕ್ ಅಂಡ್ ಗ್ರೋ ರಿಚ್ ತುಂಬಾ ಹಳೇದು, 1937ರದ್ದು, ಇವತ್ತಿಗೂ ಮಾರಾಟ ಆಗುತ್ತೆ. ಗುರಿ ಬರೆದಿಟ್ಕೊಳ್ಳಿ, ಬಿಡದೆ ಹಿಡೀರಿ ಅನ್ನೋವರೆಗೆ ಒಪ್ತೀನಿ, ಆದ್ರೆ ಗಟ್ಟಿಯಾಗಿ ಬಯಸಿದ್ರೆ ದುಡ್ಡು ಬರುತ್ತೆ ಅನ್ನೋ ಧಾಟಿ ನನಗೆ ಒಗ್ಗಲಿಲ್ಲ. ಕಾಫಿ ಹೂ ಅರಳಿಸೋ ಹೂಮಳೆ ಬರಲಿ ಅಂತ ನಾವೆಲ್ಲ ಬಯಸ್ತೀವಿ, ಬಾರದ ವರ್ಷ ತೋಟ ಉಳಿಸೋದು ಕೆರೆ ನೀರು, ಸ್ಪ್ರಿಂಕ್ಲರ್ ಪೈಪು.

ನಿಮಗೆ ನಾನು ಹೇಳೋದು ಕ್ಯಾರಲ್ ಡ್ವೆಕ್ ಅವರ ಮೈಂಡ್‌ಸೆಟ್, 2006ರಲ್ಲಿ ಬಂದಿದ್ದು. ಅವರು ಮನಶ್ಶಾಸ್ತ್ರದ ಸಂಶೋಧಕಿ. ಬುದ್ಧಿ, ಶಕ್ತಿ ಹುಟ್ಟಿನಿಂದ ಬಂದಷ್ಟೇ ಅಂತ ನಂಬೋರು ಒಂದು ಥರ, ಕಲಿತರೆ ಬೆಳೆಯುತ್ತೆ ಅಂತ ನಂಬೋರು ಇನ್ನೊಂದು ಥರ, ಈ ಎರಡು ನಂಬಿಕೆ ಮನುಷ್ಯನನ್ನ ಎಲ್ಲೆಲ್ಲಿಗೆ ಕರ್ಕೊಂಡು ಹೋಗುತ್ತೆ ಅನ್ನೋದೇ ಪುಸ್ತಕ. 1998ರಲ್ಲಿ ಅವರು ಮತ್ತು ಅವರ ಜೊತೆಗಾರರು ಐದನೇ ತರಗತಿ ಮಕ್ಕಳ ಮೇಲೆ ಮಾಡಿದ ಪ್ರಯೋಗದ ವರದಿ ಬಂತು. ಕೆಲವರಿಗೆ "ನೀನು ಜಾಣ" ಅಂದ್ರು, ಕೆಲವರಿಗೆ "ಚೆನ್ನಾಗಿ ಪ್ರಯತ್ನ ಪಟ್ಟೆ" ಅಂದ್ರು. ಜಾಣ ಅನ್ನಿಸಿಕೊಂಡ ಮಕ್ಕಳಲ್ಲಿ ಹೆಚ್ಚಿನವರು ಮುಂದೆ ಸುಲಭದ ಲೆಕ್ಕಾನೇ ಆರಿಸ್ಕೊಂಡ್ರು, ಯಾಕಂದ್ರೆ ತಪ್ಪಾದ್ರೆ ಜಾಣತನ ಹೋಯ್ತಲ್ಲ. ಪ್ರಯತ್ನಕ್ಕೆ ಹೊಗಳಿಸಿಕೊಂಡವರು ಕಷ್ಟದ್ದು ಕೊಡಿ ಅಂದ್ರು. ಇದನ್ನ ಓದಿದಾಗ ನಾನು ನಿವೃತ್ತನಾಗಿ ಎರಡು ವರ್ಷ ಆಗಿತ್ತು. ಎಷ್ಟು ಹೆಣ್ಣುಮಕ್ಕಳು ನನ್ನ ಮುಂದೆ ನಿಂತು "ಸಾರ್ ನನಗೆ ಲೆಕ್ಕ ಬರಲ್ಲ" ಅಂದಿದ್ರು, ಎಷ್ಟು ಸಲ ನಾನು ಪರವಾಗಿಲ್ಲ ಕೂತ್ಕೋ ಅಂದಿದ್ದೆ. ಕೂತ್ಕೋ ಅನ್ನಬಾರದಿತ್ತು, ಇನ್ನೊಂದು ಸಲ ನೋಡೋಣ ಬಾ ಅನ್ನಬೇಕಿತ್ತು. ಅದು ಇವತ್ತಿಗೂ ನನ್ನನ್ನ ಕಾಡುತ್ತೆ.

ನಿಮ್ಮ ಭಯ ಭಯ ಅಲ್ಲಮ್ಮಾ, ನೆನಪು. ಎರಡನೇ ಕ್ಲಾಸಿನ ಮಗು ನೋಡಿದ್ದು ಅದು. ಆ ಮಗು ಈಗ ತೋಟದ ಲೆಕ್ಕ ಬರೀತಿದೆ, ಅದನ್ನೂ ಗಮನಕ್ಕೆ ತಗೊಳ್ಳಿ.

ಕನ್ನಡದಲ್ಲಿ ಬೇಕು ಅಂದ್ರೆ ಯಂಡಮೂರಿ ವೀರೇಂದ್ರನಾಥ್ ಅವರ ವಿಜಯಕ್ಕೆ ಐದು ಮೆಟ್ಟಿಲು, ತೆಲುಗಿನಿಂದ ಬಂದಿದ್ದು, ಓದಿಸ್ಕೊಂಡು ಹೋಗುತ್ತೆ. ದುಡ್ಡಿನ ವಿಷಯಕ್ಕೆ ಷೇರುಪೇಟೆ ನಿಯಂತ್ರಿಸೋ ಸಂಸ್ಥೆ ಸೆಬಿ ಅವರ ಹಣಕಾಸು ಶಿಕ್ಷಣ ಕಿರುಪುಸ್ತಕ ಕನ್ನಡದಲ್ಲೇ ಇದೆ, ಪುಕ್ಕಟೆ. ಇನ್ನೊಂದು ಸಣ್ಣ ಪುಸ್ತಕ, ಜಾರ್ಜ್ ಕ್ಲಾಸನ್ ಅವರ ದಿ ರಿಚೆಸ್ಟ್ ಮ್ಯಾನ್ ಇನ್ ಬ್ಯಾಬಿಲೋನ್, 1926. ಮೊದಲು ಬ್ಯಾಂಕು, ವಿಮಾ ಕಂಪನಿಗಳು ಹಂಚುತ್ತಿದ್ದ ಕರಪತ್ರದ ಕಥೆಗಳಾಗಿದ್ದವಂತೆ. ಬಂದಿದ್ದರಲ್ಲಿ ಹತ್ತನೇ ಒಂದು ಭಾಗ ಮೊದಲು ನಿನಗೆ ಅಂತ ಎತ್ತಿಡು, ಉಳಿದಿದ್ದರಲ್ಲಿ ಬದುಕು, ಅಷ್ಟೇ ಅದರ ತಿರುಳು. ಇಂಗ್ಲಿಷ್ ಸ್ವಲ್ಪ ಹಳೇ ಶೈಲಿ, ದಿನಕ್ಕೆ ಎರಡು ಪುಟ ಓದಿದ್ರೆ ಸಾಕು.

ಕಣದ_ಹುಡ್ಗ

ಅಕ್ಕಾ ನಿಮ್ಮ ಭಾವ ತೋರಿಸೋ ಹಸಿರು ಸ್ಕ್ರೀನ್‌ಶಾಟ್ ಬಗ್ಗೆ ಹೇಳ್ಬೇಕು ಅಂತಲೇ ಇಲ್ಲಿ ಬರೀತಿದೀನಿ, ಇದನ್ನ ಮನೇಲಿ ಬಿಟ್ರೆ ಬೇರೆ ಯಾರ ಹತ್ರಾನೂ ಹೇಳಿಲ್ಲ.

ನಾನು ವಿರಾಜಪೇಟೆ ಕಡೆಯವ, 27 ವಯಸ್ಸು. ಎರಡು ವರ್ಷ ಹಿಂದೆ ಒಂದು ಟೆಲಿಗ್ರಾಂ ಗುಂಪಿಗೆ ಸೇರಿ ಆಪ್ಷನ್ಸ್ ಶುರು ಮಾಡ್ದೆ. ಮೊದಲ ವಾರ ಹನ್ನೊಂದು ಸಾವಿರ ಬಂತು, ಎರಡನೇ ವಾರ ಆರು ಸಾವಿರ, ಅಲ್ಲಿಗೆ ನನಗೆ ನಾನೇ ದೊಡ್ಡ ಬುದ್ಧಿವಂತ ಅನ್ನಿಸ್ತು. ಏಳು ತಿಂಗಳಲ್ಲಿ ಮೂರು ಲಕ್ಷ ಎಂಬತ್ತು ಸಾವಿರ ಹೋಯ್ತು. ಒಂದು ದಿನ ಮಾತ್ರ ಮರೆಯೋಕೆ ಆಗಲ್ಲ. ಫೆಬ್ರವರಿ, ಕಣದ ತುಂಬಾ ಚೆರ್ರಿ ಹರಡಿದೆ, ಅಪ್ಪ ಸಾವಿಗೆ ಅಂತ ನಾಪೋಕ್ಲಿಗೆ ಹೋಗಿದ್ರು, ಎರಡು ಗಂಟೆಗೊಮ್ಮೆ ಕಾಲಾಡಿಸಿ ತಿರುವು, ಮೋಡ ಕಂಡ್ರೆ ರಾಶಿ ಮಾಡಿ ಟಾರ್ಪಾಲ್ ಹಾಕು ಅಂತ ಹೇಳಿ ಹೋಗಿದ್ರು. ಒಂಬತ್ತೂ ಕಾಲಿಗೆ ಮಾರ್ಕೆಟ್ ಓಪನ್ ಆಯ್ತು, ನಾನು ಕಣದ ಕಟ್ಟೆ ಮೇಲೆ ಕೂತು ಫೋನ್ ನೋಡೋಕೆ ಶುರು ಮಾಡ್ದೋನು ತಲೆ ಎತ್ತಲಿಲ್ಲ, ಲಾಸ್ ಮೂವತ್ತು ಸಾವಿರ ಇದ್ದಿದ್ದು ಅರವತ್ತು ಆಯ್ತು, ಇನ್ನೇನು ತಿರುಗುತ್ತೆ ತಿರುಗುತ್ತೆ ಅಂತ ಮತ್ತೆ ಹಾಕ್ದೆ. ಫೋನಿನ ಗಾಜಿನ ಮೇಲೆ ಹನಿ ಬಿದ್ದಾಗಲೇ ನನಗೆ ಮಳೆ ಅಂತ ಗೊತ್ತಾಗಿದ್ದು. ಒಬ್ಬನೇ ಎಷ್ಟು ರಾಶಿ ಮಾಡ್ಲಿ. ಮೂವತ್ತು ಚೀಲದ ಕಾಫಿ ನೆಂದು, ಒಣಗಿಸಿದ್ರೂ ಬಣ್ಣ ಕೆಟ್ಟು ಕಡಿಮೆ ರೇಟಿಗೆ ಹೋಯ್ತು. ಅಪ್ಪ ಬಂದು ಒಂದು ಮಾತೂ ಬೈಲಿಲ್ಲ, ಒದ್ದೆ ಕಾಫಿ ಮುಷ್ಟಿಯಲ್ಲಿ ಹಿಡ್ಕೊಂಡು ಸ್ವಲ್ಪ ಹೊತ್ತು ನಿಂತ್ರು.

ಆಮೇಲೆ ಗೊತ್ತಾಗಿದ್ದು, ಸೆಬಿ ಅವರೇ ಲೆಕ್ಕ ಹಾಕಿ 2024ರ ಸೆಪ್ಟೆಂಬರಲ್ಲಿ ವರದಿ ಕೊಟ್ಟಿದಾರೆ, ಆ ಹಿಂದಿನ ಮೂರು ವರ್ಷದಲ್ಲಿ ಫ್ಯೂಚರ್ಸ್ ಆಪ್ಷನ್ಸ್ ಮಾಡಿದ ಸಾಮಾನ್ಯ ಜನರಲ್ಲಿ 93% ಮಂದಿ ಕಳ್ಕೊಂಡಿದಾರೆ, ಒಟ್ಟು ನಷ್ಟ 1.8 ಲಕ್ಷ ಕೋಟಿಗೂ ಜಾಸ್ತಿ. ಭಾವನ ಹತ್ರ ಗೆದ್ದ ದಿನದ ಸ್ಕ್ರೀನ್‌ಶಾಟ್ ಬೇಡ, ವರ್ಷಪೂರ್ತಿ ಲಾಭ ನಷ್ಟದ ಸ್ಟೇಟ್‌ಮೆಂಟ್ ತೋರ್ಸಿ ಅನ್ನಿ. ಸಿಟ್ಟಿಂದ ಅಲ್ಲ, ಅವರ ಒಳ್ಳೇದಕ್ಕೂ ಅದೇ ಆಗ್ಬೇಕು.

ಪುಸ್ತಕ ಅಂದ್ರೆ, ನನಗೆ ಏನಾಯ್ತು ಅಂತ ಅರ್ಥ ಆಗಿದ್ದು ಡೇನಿಯಲ್ ಕಾನಮನ್ ಅವರ ಥಿಂಕಿಂಗ್ ಫಾಸ್ಟ್ ಅಂಡ್ ಸ್ಲೋ ಓದಿ. ಮನಶ್ಶಾಸ್ತ್ರದವರು, 2002ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಸಾವಿರ ಬಂದಾಗ ಆಗೋ ಖುಷಿಗಿಂತ ಸಾವಿರ ಹೋದಾಗ ಆಗೋ ನೋವು ಹೆಚ್ಚು ಕಡಿಮೆ ಎರಡರಷ್ಟು ಇರುತ್ತೆ ಅಂತಾರೆ. ಆ ನೋವು ತಡೆಯೋಕಾಗದೇ ನಾನು ನಷ್ಟ ಒಪ್ಪಿಕೊಳ್ದೆ ಮತ್ತೆ ಮತ್ತೆ ಹಾಕಿದ್ದು. ಮೇಲೆ ಅಣ್ಣ ಹೇಳಿದ ಮೆಣಸಿನ ಕಥೇನೂ ಅದೇ. ಆದ್ರೆ ಪುಸ್ತಕ ದಪ್ಪ, ಕಷ್ಟ, ನನಗೆ ಐದು ತಿಂಗಳು ಹಿಡೀತು. ನೀವು ಮೊದಲು ಮಾರ್ಗನ್ ಹೌಸೆಲ್ ಅವರ ದಿ ಸೈಕಾಲಜಿ ಆಫ್ ಮನಿ ಓದಿ, 2020ರದ್ದು, ಚಿಕ್ಕ ಚಿಕ್ಕ ಅಧ್ಯಾಯ, ಇಂಗ್ಲಿಷ್ ಸುಲಭ. ಶುರುವಲ್ಲೇ ರೊನಾಲ್ಡ್ ರೀಡ್ ಅಂತ ಅಮೆರಿಕದ ಒಬ್ಬರ ವಿಷಯ ಬರುತ್ತೆ, ಪೆಟ್ರೋಲ್ ಬಂಕಲ್ಲಿ ಕೆಲಸ, ಆಮೇಲೆ ಅಂಗಡೀಲಿ ಕಸ ಗುಡಿಸೋ ಕೆಲಸ. 2014ರಲ್ಲಿ 92ನೇ ವಯಸ್ಸಿಗೆ ತೀರಿಕೊಂಡಾಗ 80 ಲಕ್ಷ ಡಾಲರ್ ಇತ್ತು, ಹೆಚ್ಚಿನದ್ದು ಊರಿನ ಆಸ್ಪತ್ರೆಗೆ, ಲೈಬ್ರರಿಗೆ ಬರೆದಿಟ್ಟಿದ್ರು. ಮಾಡಿದ್ದೇನೂ ಇಲ್ಲ, ಒಳ್ಳೆ ಕಂಪನಿ ಷೇರು ಸ್ವಲ್ಪ ಸ್ವಲ್ಪ ತಗೊಂಡು ಹತ್ತಾರು ವರ್ಷ ಮುಟ್ಟಲಿಲ್ಲ.

ಹಾರಂಗಿ_ಹುಡುಗಿ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ತಮ್ಮಾ, ನಿನ್ನ ಕಣದ ಕಥೆ ಓದಿ ಕಣ್ಣಲ್ಲಿ ನೀರು ಬಂತು, ಇಷ್ಟು ಬಿಚ್ಚಿ ಹೇಳಿದ್ದಕ್ಕೆ ಋಣಿ. ಮೇಷ್ಟ್ರೇ, ನೆನಪು ಅಂದ್ರಲ್ಲ, ಆ ಸಾಲನ್ನ ಎರಡು ಮೂರು ಸಲ ಓದಿದೆ.

ಒಂದು ಡೌಟು. ಆಫೀಸಲ್ಲಿ ಎಲ್ಲರೂ ಓದಿರೋದು ರಿಚ್ ಡ್ಯಾಡ್ ಪೂರ್ ಡ್ಯಾಡ್. ಅದನ್ನ ಯಾರೂ ಹೇಳ್ಲಿಲ್ಲ? ಚಿಕ್ಕಪ್ಪನ ಸೈಟ್ ವಾದಕ್ಕೂ ಅದೇ ಪುಸ್ತಕ ಆಧಾರ, ಸೈಟ್ ತಗೊಂಡು ಲೋನ್ ಮಾಡಿ ಹೋಂಸ್ಟೇ ಕಟ್ಟಿದ್ರೆ ಅದು ಅಸೆಟ್ ಅಂತಾರೆ.

ಮಡಿಕೇರಿ_ಲೆಡ್ಜರ್

ನೋಡಮ್ಮಾ, ನಾನು ಬ್ಯಾಂಕಲ್ಲಿ ಇಪ್ಪತ್ತೊಂಬತ್ತು ವರ್ಷ ಇದ್ದು ರಿಟೈರ್ ಆದವಳು, ಅದರಲ್ಲಿ ಹದಿನೈದು ವರ್ಷ ತೋಟದ ಸಾಲಗಳೇ. ಹಾಗಾಗಿ ಪುಸ್ತಕದ ಜೊತೆ ಪಾಸ್‌ಬುಕ್ ವಿಷಯನೂ ಹೇಳ್ತೀನಿ.

ರಾಬರ್ಟ್ ಕಿಯೋಸಾಕಿ ಅವರ ಆ ಪುಸ್ತಕ 1997ರದ್ದು. ಒಂದು ಒಳ್ಳೆ ಮಾತಿದೆ ಅದರಲ್ಲಿ, ಜೇಬಿಗೆ ದುಡ್ಡು ತರೋದು ಅಸೆಟ್, ಜೇಬಿಂದ ದುಡ್ಡು ಕೀಳೋದು ಲಯಬಿಲಿಟಿ. ಅಕೌಂಟ್ಸ್ ಕಲಿತ ನಿನಗೆ ಇದು ಶುದ್ಧ ವ್ಯಾಖ್ಯೆ ಅಲ್ಲ ಅಂತ ಗೊತ್ತು, ಆದ್ರೂ ಕಣ್ಣು ತೆರೆಸುತ್ತೆ. ಅದೇ ಅಳತೆ ಇಟ್ಟು ಚಿಕ್ಕಪ್ಪನ ಹೋಂಸ್ಟೇ ಅಳೆದು ನೋಡು. 2018ರ ಆಗಸ್ಟ್ ಆದ್ಮೇಲೆ ಎಷ್ಟು ತಿಂಗಳು ಗೆಸ್ಟ್ ಬರಲಿಲ್ಲ, 2020ರ ಲಾಕ್‌ಡೌನಲ್ಲಿ ಎಷ್ಟು ತಿಂಗಳು ಬೀಗ. ಆ ತಿಂಗಳುಗಳಲ್ಲೂ ಇಎಂಐ ನಿಲ್ಲಲ್ಲ. ಕೌಂಟರಿನ ಈ ಕಡೆ ಕೂತು ಆ ಮುಖಗಳನ್ನ ನಾನು ನೋಡಿದೀನಿ. ಸಾಲ ಮಾಡಿ ದೊಡ್ಡವರಾಗಿ ಅನ್ನೋ ಆ ಪುಸ್ತಕದ ಧೈರ್ಯ ವರ್ಷಕ್ಕೊಂದೇ ಸಲ ಆದಾಯ ಬರೋ ಮನೆಗೆ ಹೊಂದಲ್ಲ. ಓದು, ಆ ಒಂದು ವಿಚಾರ ಇಟ್ಕೊಂಡು ಉಳಿದಿದ್ದು ಬಿಡು.

ಈಗ ಯಾವ ಪುಸ್ತಕದಲ್ಲೂ ನಮಗೋಸ್ಕರ ಬರೆಯದ ವಿಷಯ. ಪುಸ್ತಕ ಬರೆದವರಿಗೆಲ್ಲ ತಿಂಗಳ ಸಂಬಳದ ಓದುಗರೇ ಕಣ್ಮುಂದೆ ಇರೋದು. ನಿಮ್ಮ ಮನೆಗೆ ದುಡ್ಡು ಬರೋದು ಫೆಬ್ರವರಿಯಿಂದ ಏಪ್ರಿಲ್ ಒಳಗೆ, ಹೋಗೋದು ಹನ್ನೆರಡೂ ತಿಂಗಳು. ಗೊಬ್ಬರ, ಮರಗಸಿ (ನೆರಳಿನ ಮರದ ಕೊಂಬೆ ಕಡಿಯೋದು), ಬೋರ್ಡೋ ಔಷಧಿ ಸಿಂಪಡಣೆ, ಕಾರ್ಮಿಕರ ವಾರದ ಬಟವಾಡೆ. ಜೊತೆಗೆ ಐದೂವರೆ ಎಕರೆ ಅಂದ್ರೆ ಈಗಾಗಲೇ ನಿಮ್ಮ ಇಡೀ ಆಸ್ತಿ ಒಂದೇ ಕಂಪನಿ ಷೇರಲ್ಲಿ ಇದ್ದ ಹಾಗೆ. ಬ್ರೆಜಿಲಲ್ಲಿ ಹಿಮ ಬಿದ್ರೆ ರೇಟ್ ಏರುತ್ತೆ, ವಿಯೆಟ್ನಾಮಲ್ಲಿ ಬೆಳೆ ಚೆನ್ನಾಗಾದ್ರೆ ಇಳಿಯುತ್ತೆ, ಇಲ್ಲಿ ಮಳೆ ತಪ್ಪಿದ್ರೆ ಎರಡೂ ಲೆಕ್ಕಕ್ಕಿಲ್ಲ. ಅಪ್ಪನ ಇನ್ನೊಂದು ಎಕರೆ ಕೆಟ್ಟದ್ದು ಅಂತ ಅಲ್ಲ, ಆದ್ರೆ ಅದು ಅದೇ ಷೇರನ್ನ ಇನ್ನೂ ಜಾಸ್ತಿ ತಗೊಂಡ ಹಾಗೆ, ಅದೂ ರೇಟ್ ಮೇಲಿರೋವಾಗ.

ನಾನಾಗಿದ್ರೆ ಹೀಗೆ ಮಾಡ್ತೀನಿ. ತೋಟದ ಒಂದು ಪೂರ್ತಿ ವರ್ಷದ ಖರ್ಚು ಎಫ್‌ಡಿ, ಮೂರು ನಾಲ್ಕು ತುಂಡು ಮಾಡಿ, ಒಂದೊಂದೂ ಖರ್ಚಿನ ತಿಂಗಳಿಗೆ ಸರಿಯಾಗಿ ಮುಗಿಯೋ ಹಾಗೆ. ಒಂದು ಬ್ಯಾಂಕಲ್ಲಿ ಒಬ್ಬರ ಹೆಸರಿಗೆ ಬಡ್ಡಿ ಸೇರಿ 5 ಲಕ್ಷದವರೆಗೆ ಮಾತ್ರ ಠೇವಣಿ ವಿಮೆ, ಅದು ನೆನಪಿರಲಿ. ಆರೋಗ್ಯ ವಿಮೆ ಇಲ್ಲದಿದ್ರೆ ಅದು ಮೊದಲು. ಸರ್ಕಾರದ ಉಳಿತಾಯ ಯೋಜನೆ ಪಿಪಿಎಫ್‌ಗೆ 2020ರ ಏಪ್ರಿಲ್‌ನಿಂದ 7.1% ಬಡ್ಡಿ ಇದೆ, 15 ವರ್ಷದ್ದು, ವರ್ಷಕ್ಕೆ ಒಂದೂವರೆ ಲಕ್ಷದವರೆಗೆ ಹಾಕಬಹುದು, ನಮ್ಮ ವರ್ಷಕ್ಕೊಂದು ಆದಾಯಕ್ಕೆ ಚೆನ್ನಾಗಿ ಕೂರುತ್ತೆ. 72ನ್ನ ಬಡ್ಡಿಯಿಂದ ಭಾಗಿಸಿದ್ರೆ ದುಡ್ಡು ಎರಡರಷ್ಟಾಗೋಕೆ ಎಷ್ಟು ವರ್ಷ ಅಂತ ಸಿಗುತ್ತೆ, 7.1ಕ್ಕೆ ಹತ್ತು ವರ್ಷ, ಸೇವಿಂಗ್ಸ್ ಖಾತೇಲಿ ಮೂರು ಸಿಕ್ಕರೂ ಇಪ್ಪತ್ನಾಲ್ಕು. ನಿನ್ನ ಹದಿನಾಲ್ಕು ತಿಂಗಳು ಎಲ್ಲಿ ಹೋಯ್ತು ನೋಡು.

ಹತ್ತು ವರ್ಷ ಬೇಡದ ದುಡ್ಡು ಉಳಿದ್ರೆ ಮಾತ್ರ ಷೇರಿನ ಕಡೆ, ಅದೂ ನಿಫ್ಟಿ 50 ಥರದ ಇಂಡೆಕ್ಸ್ ಫಂಡು (ಐವತ್ತು ದೊಡ್ಡ ಕಂಪನಿ ಷೇರನ್ನ ಒಟ್ಟಿಗೆ ತಗೊಳ್ಳೋದು), ಆ ದುಡ್ಡನ್ನ ಲಿಕ್ವಿಡ್ ಫಂಡಲ್ಲಿ (ಬೇಕಾದಾಗ ಬೇಗ ತೆಗೆಯಬಹುದಾದ ಫಂಡು) ಇಟ್ಟು ತಿಂಗಳು ತಿಂಗಳು ವರ್ಗಾಯಿಸ್ತಾ ಹೋಗೋದು. ಇದಕ್ಕೆ ಪುಸ್ತಕ ಜಾನ್ ಬೋಗಲ್ ಅವರ ದಿ ಲಿಟಲ್ ಬುಕ್ ಆಫ್ ಕಾಮನ್ ಸೆನ್ಸ್ ಇನ್ವೆಸ್ಟಿಂಗ್, 2007. 1976ರಲ್ಲಿ ಸಾಮಾನ್ಯ ಜನಕ್ಕೆ ಮೊದಲ ಇಂಡೆಕ್ಸ್ ಫಂಡ್ ತಂದವರು ಅವರೇ. ಖರ್ಚು ಕಡಿಮೆ ಇದ್ದಷ್ಟೂ ನಿನಗೆ ಉಳಿಯೋದು ಜಾಸ್ತಿ ಅನ್ನೋದನ್ನ ಬೇರೆ ಬೇರೆ ಲೆಕ್ಕದಲ್ಲಿ ಹೇಳ್ತಾನೇ ಹೋಗ್ತಾರೆ, ಸ್ವಲ್ಪ ಪುನರಾವರ್ತನೆ, ಆದ್ರೆ ಲೆಕ್ಕ ಸತ್ಯ. ನಮ್ಮ ದೇಶದ ವಿಷಯಕ್ಕೆ ಮೋನಿಕಾ ಹಾಲನ್ ಅವರ ಲೆಟ್ಸ್ ಟಾಕ್ ಮನಿ, 2018. ಎಲ್ಲಕ್ಕಿಂತ ಮೊದಲು ನೀನು ಓದಬೇಕಾದ್ದು ಇದೇ ಅಂತ ನನ್ನ ಅಭಿಪ್ರಾಯ, ಗ್ರಹಾಂಗಿಂತ ಮೊದಲು. ಯಾವ ದುಡ್ಡಿಗೆ ಯಾವ ಡಬ್ಬ, ಏಜೆಂಟ್ ಏನು ಹೇಳಿ ಪಾಲಿಸಿ ಮಾರ್ತಾನೆ, ಎಲ್ಲಾ ಇದೆ.

ಅದೇ ವರ್ಷ ಕಾಫಿ ಕ್ಯಾನ್ ಇನ್ವೆಸ್ಟಿಂಗ್ ಅಂತ ಇನ್ನೊಂದು ಬಂತು, ಸೌರಭ್ ಮುಖರ್ಜಿ ಮತ್ತು ಇಬ್ಬರು ಜೊತೆಗಾರರದ್ದು. ಹಿಂದೆ ಅಮೆರಿಕದಲ್ಲಿ ಜನ ಬೆಲೆಬಾಳೋದನ್ನ ಕಾಫಿ ಡಬ್ಬಕ್ಕೆ ಹಾಕಿ ಹಾಸಿಗೆ ಕೆಳಗಿಟ್ಟು ಮರೀತಿದ್ರಂತೆ, ಆ ವಿಷಯ ಹಿಡಿದು ರಾಬರ್ಟ್ ಕಿರ್ಬಿ ಅನ್ನೋರು 1984ರಲ್ಲಿ ಒಂದು ಲೇಖನ ಬರೆದ್ರು, ಪುಸ್ತಕದ ಹೆಸರು ಅಲ್ಲಿಂದ ಬಂದಿದ್ದು. ನಮ್ಮ ಅಜ್ಜಿನೂ ಕಾಫಿಪುಡಿ ಡಬ್ಬದ ತಳದಲ್ಲಿ ನೋಟು ಮಡಚಿಡ್ತಿದ್ರು, ಬಿಚ್ಚಿದ್ರೆ ಚಿಕೋರಿ ವಾಸನೆ. ಆ ಪುಸ್ತಕ ಕಂಪನಿ ಆರಿಸೋರಿಗೆ, ನೀನು ಎರಡು ವರ್ಷ ಬಿಟ್ಟು ನೋಡು.

ಭಯದ ವಿಷಯ ಒಂದು ಹೇಳಿಬಿಡ್ತೀನಿ. 2008ರ ಜನವರಿಯಲ್ಲಿ 21 ಸಾವಿರ ದಾಟಿದ್ದ ಷೇರುಪೇಟೆ ಸೂಚ್ಯಂಕ ಸೆನ್ಸೆಕ್ಸ್ ಅದೇ ಅಕ್ಟೋಬರಿಗೆ 8 ಸಾವಿರದ ಹತ್ರ ಬಂದಿತ್ತು. 2020ರ ಮಾರ್ಚ್ 23ಕ್ಕೆ ಒಂದೇ ದಿನದಲ್ಲಿ 13% ಬಿತ್ತು. ಮುಂದೆಯೂ ಹೀಗೆ ಬೀಳುತ್ತೆ. ಅವತ್ತು ನಿನಗೆ ಗೊಬ್ಬರದ ದುಡ್ಡು ಬೇರೆ ಕಡೆ ಭದ್ರ ಇದ್ರೆ ನಿದ್ದೆ ಬರುತ್ತೆ, ಇಲ್ಲಾಂದ್ರೆ ಯಾವ ಮನಸ್ಸಿನ ಪುಸ್ತಕ ಓದಿದ್ರೂ ಬರಲ್ಲ. ಅಮ್ಮನ ಬಳೆ ಅಡ ಹೋಗಿದ್ದು ರೇಟ್ ಬಿದ್ದಿದ್ದಕ್ಕೆ ಮಾತ್ರ ಅಲ್ಲ, ಆ ವರ್ಷದ ಖರ್ಚಿಗೆ ಬೇರೆ ದುಡ್ಡು ಇರಲಿಲ್ಲ ಅಂತ.

ಅಮ್ಮತ್ತಿ_ಕರಿಮೆಣಸು

ಅಕ್ಕ ಹೇಳಿದ್ದು ನೂರಕ್ಕೆ ನೂರು. ಲೆಟ್ಸ್ ಟಾಕ್ ಮನಿ ಮೊದಲು ಓದಲಿ, ಗ್ರಹಾಂ ಆಮೇಲೆ, ನನ್ನ ಮಾತು ತಿದ್ಕೊಳ್ತೀನಿ. ಒಂದೇ ವಿಷಯಕ್ಕೆ ನನ್ನ ತಕರಾರು. ಎಕರೆ ಬೇಡ ಅನ್ನೋದು ಸರಿ, ಆದ್ರೆ ಇರೋ ತೋಟಕ್ಕೆ ನೀರಿನ ವ್ಯವಸ್ಥೆ ಇಲ್ಲದಿದ್ರೆ ಆ ಎಂಟು ಲಕ್ಷದಲ್ಲಿ ಕೆರೆ, ಪೈಪು, ಮೋಟರ್ ಮೊದಲು. ಹೂಮಳೆ ತಪ್ಪಿದ ವರ್ಷ ಒಂದು ಸಲ ನೀರು ಕೊಟ್ಟವನಿಗೂ ಕೊಡದವನಿಗೂ ಬೆಳೆಯಲ್ಲಿ ಎಷ್ಟು ವ್ಯತ್ಯಾಸ ಅಂತ ಅಪ್ಪನ್ನ ಕೇಳು. ಅಷ್ಟು ಲಾಭ ಯಾವ ಫಂಡೂ ಕೊಡಲ್ಲ. ತೋಟದ ದುಡ್ಡು ತೋಟಕ್ಕೇ ಅಂತ ಅಪ್ಪ ಹೇಳೋದರಲ್ಲಿ ಇಷ್ಟು ಮಾತ್ರ ನಿಜ ಇದೆ.

ಹಾರಂಗಿ_ಹುಡುಗಿ

ಮೂರು ವಾರ ಆಯ್ತು, ಏನಾಯ್ತು ಅಂತ ಹೇಳ್ತೀನಿ.

ಅಪ್ಪನ ಜೊತೆ ಕೂತು ಕಳೆದ ನಾಲ್ಕು ವರ್ಷದ ತೋಟದ ಖರ್ಚು ತಿಂಗಳವಾರು ಬರೆದೆ. ಜೂನಲ್ಲಿ ಗೊಬ್ಬರಕ್ಕೂ ಬೋರ್ಡೋಗೂ ಇಷ್ಟೊಂದು ಹೋಗುತ್ತೆ ಅಂತ ಲೆಕ್ಕ ಬರೆಯೋ ನನಗೇ ಒಟ್ಟಾಗಿ ಕಂಡಿರಲಿಲ್ಲ. ಮೂರು ಲಕ್ಷ ನಾಲ್ಕು ಎಫ್‌ಡಿ ಆಗಿದೆ, ಒಂದೂವರೆ ಲಕ್ಷ ನನ್ನ ಹೆಸರಲ್ಲಿ ಪಿಪಿಎಫ್. ಕೆರೆ ಇದೆ ನಮಗೆ, ಹೂಳು ತುಂಬಿದೆ, ಅದನ್ನ ಎತ್ತಿಸಿ ಹಳೇ ಮೋಟರ್ ಬದಲಾಯಿಸೋಕೆ ಎರಡು ಲಕ್ಷ ಅಂತ ಅಪ್ಪ ಅಂದಾಜು ಹಾಕಿದಾರೆ, ಆ ದಿನ ಅವರ ಮುಖ ನೋಡಬೇಕಿತ್ತು. ಪಕ್ಕದ ಎಕರೆ ಮಾತು ಆಮೇಲೆ ಎತ್ತಲಿಲ್ಲ. ಉಳಿದ ಒಂದೂವರೆ ಲಕ್ಷ ಸದ್ಯಕ್ಕೆ ಹಾಗೇ ಇದೆ, ಬೋಗಲ್ ಪುಸ್ತಕ ಮುಗಿಸೋವರೆಗೆ ಕೈ ಹಾಕಲ್ಲ ಅಂತ ಡೈರೀಲಿ ಬರೆದಿಟ್ಟಿದೀನಿ. ಈ ಸಲ ಭಯಕ್ಕಲ್ಲ.

ಭಾವನ್ನ ಸ್ಟೇಟ್‌ಮೆಂಟ್ ಕೇಳಿದೆ. ಮಾರನೇ ದಿನ ಅಕ್ಕ ಫೋನ್ ಮಾಡಿದ್ಲು, ಇಬ್ಬರೂ ಕೂತು ಮಾತಾಡ್ತಿದಾರಂತೆ. ಅದಕ್ಕಿಂತ ಹೆಚ್ಚು ಇಲ್ಲಿ ಬೇಡ.

ಮೋನಿಕಾ ಹಾಲನ್ ಪುಸ್ತಕ ಅರ್ಧ ಆಗಿದೆ. ರಾತ್ರಿ ಊಟ ಆದ್ಮೇಲೆ ಎರಡು ಪುಟ ಓದಿ ಅಮ್ಮನಿಗೆ ಕನ್ನಡದಲ್ಲಿ ಹೇಳ್ತೀನಿ. ಮೊನ್ನೆ ಎಮರ್ಜೆನ್ಸಿ ಫಂಡ್ ಅಧ್ಯಾಯ ಹೇಳ್ತಿದ್ದಾಗ ಅಮ್ಮ ಎದ್ದು ಹೋಗಿ ಬೀರುವಿಂದ ಒಂದು ಕವರ್ ತಂದ್ರು, ಇಪ್ಪತ್ತೆರಡು ಸಾವಿರ ಇತ್ತು. ಇಷ್ಟು ವರ್ಷ ಕೋಳಿಮೊಟ್ಟೆ, ಕಿತ್ತಳೆ, ಬಾಳೆಗೊನೆ ಮಾರಿದ್ದರಲ್ಲಿ ಎತ್ತಿಟ್ಟಿದ್ದಂತೆ. ಇದನ್ನೂ ಬರ್ಕೋ ಅಂದ್ರು.

ಬೋಗಲ್ ಪುಸ್ತಕ ಯಾರ ಹತ್ರಾದ್ರೂ ಇದ್ರೆ ಓದೋಕೆ ಕೊಡ್ತೀರಾ? ಶುಕ್ರವಾರ ಮಡಿಕೇರಿ ಸಂತೆಗೆ ಬರ್ತೀನಿ.

ಮಡಿಕೇರಿ_ಲೆಡ್ಜರ್

ನನ್ನ ಹತ್ರ ಇದೆ. ಪೆನ್ಸಿಲ್ ಗೆರೆ ಹಾಕಿದೀನಿ, 4ನೇ ಅಧ್ಯಾಯದಿಂದ ಒಂದು ಹಾಳೆ ಬಿಟ್ಟುಕೊಂಡಿದೆ, ಜೋಪಾನ. ಮೆಸೇಜ್ ಮಾಡು, ಹನ್ನೊಂದು ಗಂಟೆ ಮೇಲೆ ಸಂತೆ ಹತ್ರಾನೇ ತಂದು ಕೊಡ್ತೀನಿ, ಅಮ್ಮನ್ನೂ ಕರ್ಕೊಂಡು ಬಾ.